ನಲವತ್ತೇಳನೇ ಕ್ಯಾನು

ಸಕ್ಕರೆ ಯಾರದೆಂದು ಅನಂತರಾಜುವಿಗೆ ಗೊತ್ತಿತ್ತು. ಗೊತ್ತಿಲ್ಲವೆಂದು ತನ್ನನ್ನು ತಾನೇ ನಂಬಿಸಲು ಬೆಳಗಿನಿಂದ ಅವನು ಪಡುತ್ತಿದ್ದ ಪಾಡೇ ಅದಕ್ಕೆ ಸಾಕ್ಷಿ. ಮಾಗಡಿ ಬಿಟ್ಟು ಅರ್ಧ ಗಂಟೆಯಾಗಿರಲಿಲ್ಲ, ಆಗಲೇ ಎರಡನೇ ಸಲ ಮೊಪೆಡ್ಡು ನಿಲ್ಲಿಸಿ ರಸ್ತೆಬದಿಯ ಹೊಂಗೆಮರದ ಹಿಂದೆ ನಿಂತಿದ್ದ. ನಿಂತ ಮೇಲೆ, ಅಯ್ಯೋ ಇದು ಅದೇ ಮರ ಎಂದು ಹೊಳೆದು, ಕಣ್ಣನ್ನು ನೆಲಕ್ಕೆ ಬಿಡದೆ ದೂರದ ಸಾವನದುರ್ಗದ ಮೇಲೆ ನೆಟ್ಟ. ಬೆಳಿಗ್ಗೆ ಕಾಫಿ ಕುಡಿದದ್ದಕ್ಕೇ ಹೀಗೆ ಅಂದುಕೊಂಡ. ಕಾಫಿ ಕುಡಿದದ್ದು ಒಂದು ಲೋಟ. ನೀರು ಎರಡು ಚೊಂಬು ಕುಡಿದದ್ದು ನಿಜ, ಆದರೆ ಶಿವರಾತ್ರಿ ಹತ್ತಿರ ಬಂದಿತ್ತು, ಬಿಸಿಲು ಶುರುವಾಗಿತ್ತು, ಬಿಸಿಲಿನಲ್ಲಿ ಯಾರಿಗೆ ತಾನೇ ಬಾಯಾರುವುದಿಲ್ಲ? ದೀಪಾವಳಿಯಿಂದೀಚೆಗೆ ಬೆಲ್ಟಿನ ಕೊಂಡಿ ಎರಡು ತೂತು ಒಳಕ್ಕೆ ಸರಿದಿತ್ತು. ಅದಕ್ಕೆ ಹೆಂಡತಿ ಸುಮನಾ, ಹಳ್ಳಿ ಹಳ್ಳಿ ಅಲೆದರೆ ಇನ್ನೇನಾಗುತ್ತೆ ಅಂದಿದ್ದಳು, ಅವನೂ ತಲೆಯಾಡಿಸಿದ್ದ. ಹೀಗೆ ಒಂದೊಂದಕ್ಕೂ ಒಂದೊಂದು ಕಾರಣ ಕೊಟ್ಟು ಸಾಲಾಗಿ ಕೂರಿಸಿ, ಎಲ್ಲವನ್ನೂ ಒಟ್ಟಿಗೆ ನೋಡುವ ಕೆಲಸವೊಂದನ್ನು ಮಾತ್ರ ಮಾಡದೆ, ಪ್ಯಾಂಟಿನ ಗುಂಡಿ ಹಾಕಿಕೊಂಡು ಮೊಪೆಡ್ಡು ಹತ್ತಿದ.

ಅಂಗಿಯ ಜೇಬಿನಲ್ಲಿ ಡಾಕ್ಟರ್ ಪ್ರತಿಮಾ ಕೊಟ್ಟ ಲಕೋಟೆಯಿತ್ತು. ಅದರೊಳಗಿನ ಹಾಳೆಯಲ್ಲಿ, ಕ್ಯಾನ್ ಸಂಖ್ಯೆ ನಲವತ್ತೇಳು, ಹೆಸರು ದೊಡ್ಡಲಕ್ಷ್ಮಮ್ಮ, ಗಂಡನ ಹೆಸರು ಅಂಕಯ್ಯ, ಊರು ಗುಡೇಮಾರನಹಳ್ಳಿ, ವಯಸ್ಸು ಅರವತ್ತೆರಡು ಎಂದಿತ್ತು. ಅದರ ಕೆಳಗೆ ಮೂತ್ರದಲ್ಲಿ ಸಕ್ಕರೆ ಎಂಬ ಸಾಲಿನೆದುರು ಮೂರು ಕೂಡಿಸುವ ಗುರುತುಗಳು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದವು. ಆಯಮ್ಮನಿಗೆ ವಿಷಯ ತಿಳಿಸಿ, ಇನ್ನೊಂದು ಕ್ಯಾನು ಕೊಟ್ಟು, ಗುರುವಾರ ರಕ್ತಪರೀಕ್ಷೆಗೆ ಮಾಗಡಿಗೆ ಕರೆದುಕೊಂಡು ಬರಬೇಕೆಂದು ಡಾಕ್ಟರ್ ಹೇಳಿದ್ದರು. ಆ ಇನ್ನೊಂದು ಕ್ಯಾನು ಈಗ ಮೊಪೆಡ್ಡಿನ ಹಿಂದೆ ಕಟ್ಟಿಸಿಕೊಂಡು, ಗುಂಡಿ ಸಿಕ್ಕಿದಲ್ಲೆಲ್ಲ ಡಬಡಬ ಎನ್ನುತ್ತ, ಹೊಲಗಳಲ್ಲಿದ್ದವರೆಲ್ಲ ತಲೆಯೆತ್ತಿ ನೋಡುವ ಹಾಗೆ ಮಾಡುತ್ತಿತ್ತು. ನಲವತ್ತೇಳನೇ ಕ್ಯಾನಿನಲ್ಲಿ ದೊಡ್ಡಲಕ್ಷ್ಮಮ್ಮನದಲ್ಲದ್ದೂ ಇತ್ತೆಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಇಡೀ ಮಾಗಡಿ ತಾಲ್ಲೂಕಿನಲ್ಲಿ ಅನಂತರಾಜು ಒಬ್ಬನೇ.

ಹಳ್ಳಿಯ ಜನ ದಿನಕ್ಕೆ ಎಷ್ಟು ಉಪ್ಪು ತಿನ್ನುತ್ತಾರೆಂದು ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದಕ್ಕೆ ತಿಳಿಯಬೇಕಾಗಿತ್ತು. ಬಾಯಲ್ಲಿ ಕೇಳಿದರೆ ಒಸಿ ಅನ್ನುತ್ತಾರೆ. ಆ ಒಸಿ ಎಷ್ಟು ಎಂದು ಕೇಳಿದರೆ ಕೈಯ ಐದೂ ಬೆರಳು ಕೂಡಿಸಿ ತೋರಿಸುತ್ತಾರೆ. ತಿಂದ ಉಪ್ಪು ನಿಜ ಹೇಳುವುದು ಹೊರಗೆ ಬಂದಮೇಲೆಯೇ. ಹಾಗಾಗಿ ಒಂದು ಬೆಳಗಿನಿಂದ ಮಾರನೇ ಬೆಳಗಿನವರೆಗೆ ಒಬ್ಬರು ಹೊಯ್ದದ್ದನ್ನೆಲ್ಲ ಒಂದು ತೊಟ್ಟೂ ಬಿಡದೆ ಮೂರು ಲೀಟರಿನ ಅಗಲ ಬಾಯಿಯ ಬಿಳೀ ಕ್ಯಾನಿನಲ್ಲಿ ಹಿಡಿದಿಡಬೇಕು, ಅದನ್ನು ಅನಂತರಾಜು ಮಾಗಡಿಗೆ ತರಬೇಕು. ಲ್ಯಾಬಿನವರು ಉಪ್ಪಿನ ಜೊತೆಗೆ ಸಕ್ಕರೆಯನ್ನೂ ನೋಡುತ್ತಿದ್ದರು. ಕ್ಯಾನಿನ ಜೊತೆಗೆ ಅರವತ್ತು ಪ್ರಶ್ನೆಗಳ ಫಾರಮ್ಮೂ ಇತ್ತು. ಬಿ.ಎಸ್ಸಿ. ಓದಿದ ಮೂವತ್ತಾರು ವರ್ಷದ ಗಂಡಸು ಕಂಡವರ ಜಗಲಿಯಲ್ಲಿ ಕೂತು ಇದನ್ನು ವಿವರಿಸುವಾಗ ಕಿವಿ ಬಿಸಿಯಾಗುತ್ತಿತ್ತು. ಮೊದಲ ಹಳ್ಳಿಯಲ್ಲಿ ಜನ ನಕ್ಕು, ಕ್ಯಾನನ್ನು ದನದ ಕೊಟ್ಟಿಗೆಯಲ್ಲಿ ಮರೆತು, ಹೊಲದಲ್ಲಿ ಹೊಯ್ದು ಬಂದು, ತಳದಲ್ಲಿ ಎರಡು ಬೆರಳಷ್ಟು ಹಿಡಿದು ಕೊಟ್ಟಿದ್ದರು. ಅರ್ಧ ಲೀಟರಿಗಿಂತ ಕಡಿಮೆಯಿದ್ದರೆ ಲೆಕ್ಕಕ್ಕಿಲ್ಲ. ಅವನ ಆರು ಕ್ಯಾನುಗಳು ಲೆಕ್ಕಕ್ಕಿಲ್ಲದಾದವು. ಸೋಮವಾರದ ಮೀಟಿಂಗಿನಲ್ಲಿ ಡಾಕ್ಟರ್ ಪ್ರತಿಮಾ ದನಿಯೆತ್ತರಿಸದೆ, ಇದು ಜನರ ಪ್ರಾಬ್ಲಮ್ ಅಲ್ಲ, ಅನಂತರಾಜು ಅವರ ಪ್ರಾಬ್ಲಮ್ ಅಂದರು. ಎಲ್ಲರೂ ತಮ್ಮ ತಮ್ಮ ಚಹಾದ ಲೋಟದೊಳಗೆ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಗುಡೇಮಾರನಹಳ್ಳಿ ಬಂತು. ಅಲ್ಲಿ ಅವನ ದೆಸೆ ತಿರುಗಿತು. ಆ ಊರಿನಲ್ಲಿ ಯಾರೂ ನಗಲಿಲ್ಲ. ದೊಡ್ಡಲಕ್ಷ್ಮಮ್ಮನಂತೂ ತನ್ನ ಸರದಿ ಬಂದಾಗ ಕ್ಯಾನನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಸೆರಗಿನಿಂದ ಒರೆಸಿ, ಒಳಗೊಯ್ದಳು. ದಿನಕ್ಕೆ ಮೂರು ನಾಲ್ಕರಂತೆ ಆ ಬೀದಿಯ ಕ್ಯಾನುಗಳೆಲ್ಲ ಕುತ್ತಿಗೆಯವರೆಗೆ ತುಂಬಿ ಬಂದವು. ಒಂದೂ ತಪ್ಪದೆ, ಇಪ್ಪತ್ತೆರಡು. ಡಾಕ್ಟರ್ ಪ್ರತಿಮಾ ಅಳತೆಯ ಪಟ್ಟಿ ನೋಡಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಈ ಊರಿನ ಜನ ಎಷ್ಟೊಂದು ನೀರು ಕುಡಿಯುತ್ತಾರೆ, ಇದರ ಮೇಲೇ ಬೇರೆ ಒಂದು ಪ್ರಬಂಧ ಬರೆಯಬಹುದು ಅಂದರು. ಮೀಟಿಂಗಿನಲ್ಲಿ ಅವನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ಆ ಚಪ್ಪಾಳೆ ಅವನ ಕಿವಿಯಲ್ಲಿ ಮೂರು ದಿನ ಇತ್ತು. ನಾಲ್ಕನೇ ದಿನ ಅವನು ಆ ಬೀದಿಯ ಕೊನೆಯದಾದ ನಲವತ್ತೇಳನೇ ಕ್ಯಾನನ್ನು ಹೊತ್ತುಕೊಂಡು ಬರುತ್ತಿದ್ದ.

ತುಂಬಿದ ಕ್ಯಾನಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ತುಂಬಿದ್ದೇ ಅಷ್ಟು. ಬಿಡದಿ ಕಡೆಯ ಕಾರ್ಖಾನೆಗಳಿಗೆ ಆಳು ಸಾಗಿಸುವ ಬಸ್ಸುಗಳು ಬರಲು ಶುರುವಾದ ಮೇಲೆ ದಾರಿಯ ಊರವರು ತಾವೇ ಮಣ್ಣು ಕಲ್ಲು ಸುರಿದು ಹಂಪ್ಸು ಮಾಡಿಕೊಂಡಿದ್ದರು. ಅದಕ್ಕೆ ಬಣ್ಣವಿಲ್ಲ, ಬೋರ್ಡಿಲ್ಲ, ಅಳತೆಯಂತೂ ಇಲ್ಲವೇ ಇಲ್ಲ. ಹಿಂದಿನಿಂದ ಅಂಥದೊಂದು ಬಸ್ಸು ಹಾರನ್ನು ಹೊಡೆಯಿತು, ಅನಂತರಾಜು ಗಾಬರಿಯಲ್ಲಿ ಪಕ್ಕಕ್ಕೆ ಎಳೆದ, ಮೊಪೆಡ್ಡು ಹಂಪ್ಸು ಹತ್ತಿ ಕುಣಿದು ಇಳಿಯಿತು, ಮುಚ್ಚಳ ಹಾರಿತು. ಬೆನ್ನಿನಿಂದ ಶುರುವಾಗಿ ಷೂವಿನೊಳಗಿನವರೆಗೆ ಅವನಿಗೆ ಬೆಚ್ಚಗೆ ಸ್ನಾನವಾಯಿತು. ಬಸ್ಸಿನ ಕಿಟಕಿಗಳಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗರ ಸಾಲು ಅವನನ್ನು ನೋಡುತ್ತ ಮುಂದೆ ಹೋಯಿತು. ಅವರಲ್ಲಿ ಒಬ್ಬನಾದರೂ ಅದು ಮಜ್ಜಿಗೆಯೋ ನೀರೋ ಎಂದುಕೊಂಡಿರಲಿ ಎಂದು ಅವನು ಆಸೆಪಟ್ಟ. ಕ್ಯಾನಿನಲ್ಲಿ ಉಳಿದದ್ದು ಒಂದು ಲೋಟದಷ್ಟು.

ನೀರು ಬೆರೆಸುವ ಹಾಗಿರಲಿಲ್ಲ. ನೀರು ಬೆರೆಸಿದರೆ ಲ್ಯಾಬಿನಲ್ಲಿ ತಿಳಿದುಬಿಡುತ್ತದೆಂದು ತರಬೇತಿಯ ದಿನ ಎದ್ದು ನಿಂತು ಹೇಳಿದವನು ಅವನೇ, ಅದಕ್ಕೆ ಬಹುಮಾನವೆಂದು ಒಂದು ಪೆನ್ನನ್ನೂ ತೆಗೆದುಕೊಂಡಿದ್ದ. ಚೆಲ್ಲಿತು ಮೇಡಂ, ಇನ್ನೊಂದು ತರುತ್ತೇನೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಾಗಂದ ತಕ್ಷಣ ಎಲ್ಲರೂ ಚಹಾದ ಲೋಟದೊಳಗೆ ನೋಡುವುದು ಅವನ ಕಣ್ಣಿಗೆ ಕಟ್ಟಿತು. ಹೊಂಗೆಮರದ ಹಿಂದೆ ಕ್ಯಾನು ಹಿಡಿದು ನಿಂತಾಗ ಅವನಿಗೆ ಹೊಯ್ಯಲು ಒಂದಿಷ್ಟೂ ಕಷ್ಟವಾಗಲಿಲ್ಲ. ಅಷ್ಟು ಸಲೀಸಾಗಿ, ಅಷ್ಟು ಹೊತ್ತು, ಅಷ್ಟೊಂದು ಬಂತು, ಅರ್ಧ ಲೀಟರಿನ ಗೆರೆಯನ್ನೂ ದಾಟಿತು. ಆಗ ಅವನು ಅದನ್ನು ದೇವರ ದಯೆ ಅಂದುಕೊಂಡಿದ್ದ. ಮೂರು ವಾರ ಕಳೆದು ಲಕೋಟೆ ಕೈಗೆ ಬಂದಾಗ ಮೊದಲು ಕಣ್ಣ ಮುಂದೆ ಬಂದದ್ದು ಅವನ ಅಪ್ಪನ ಕೊಡೆ.

ಅಪ್ಪ ಕನಕಪುರದ ಕಡೆ ಮೇಷ್ಟರಾಗಿದ್ದವರು. ಸಕ್ಕರೆ ಕಾಯಿಲೆ ಬಂದಮೇಲೆ ಅಮ್ಮ ಮನೆಯಲ್ಲಿ ಬೆಲ್ಲದ ಡಬ್ಬಕ್ಕೆ ಬೀಗ ಹಾಕಿದ್ದಳು. ಅಪ್ಪ ಕೊಬ್ಬರಿ ಮಿಠಾಯಿ ತಂದು, ಮಡಿಸಿದ ಕೊಡೆಯೊಳಗೆ ಬಚ್ಚಿಟ್ಟು, ಕೊಡೆಯನ್ನು ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಹತ್ತನೇ ಕ್ಲಾಸಿನ ಅನಂತರಾಜು ಓದುತ್ತ ಕೂತಲ್ಲಿಂದ, ಕಿಟಕಿಯಿಂದ ಹೊರಟು ಗೋಡೆ ಹತ್ತಿ ಕೊಡೆಯ ತುದಿಯವರೆಗೆ ಹೋಗುವ ಇರುವೆಯ ಸಾಲನ್ನು ದಿನಾ ನೋಡುತ್ತಿದ್ದ. ಅಮ್ಮನಿಗೆ ಹೇಳಲಿಲ್ಲ. ಒಂದು ಸಲ ಅಪ್ಪ ತನ್ನನ್ನು ನೋಡಿ ಕಣ್ಣು ಮಿಟುಕಿಸಿದ್ದು ಅವನಿಗೆ ಅಷ್ಟು ಹಿತವಾಗಿತ್ತು. ಆಮೇಲೆ ಕಾಲಿನ ಹೆಬ್ಬೆರಳು ಹೋಯಿತು, ಆಮೇಲೆ ಪಾದ. ಪರೀಕ್ಷೆ ಇದೆಯೆಂದು ಮಗ ಮನೆಯಲ್ಲೇ ಉಳಿದ, ಅಪ್ಪ ಒಬ್ಬರೇ ಆ ಕೊಡೆ ಊರಿಕೊಂಡು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬಸ್ಸು ಹತ್ತಿದರು, ಕೊಡೆ ಮಾತ್ರ ಮನೆಗೆ ಬಂತು. ಇಪ್ಪತ್ತು ವರ್ಷ ಕಳೆದರೂ ಅನಂತರಾಜು ಗೋಡೆಯ ಮೇಲೆ ಇರುವೆ ಕಂಡರೆ ಬೇರೆ ಕೋಣೆಗೆ ಹೋಗಿ ಕೂರುತ್ತಾನೆ. ಸುಮನಾ ಅದನ್ನು ಗಂಡಸಿನ ಸೋಮಾರಿತನವೆಂದು ತಿಳಿದಿದ್ದಾಳೆ.

ಗುಡೇಮಾರನಹಳ್ಳಿಗೆ ಬಂದಾಗ ಹನ್ನೊಂದು ಗಂಟೆ. ಹೇಳಬೇಕು, ಇಳಿದ ತಕ್ಷಣ ಹೇಳಿಬಿಡಬೇಕು ಎಂದು ಹಂಪ್ಸಿನಿಂದ ಹಂಪ್ಸಿಗೆ ಗಟ್ಟಿ ಮಾಡಿಕೊಂಡು ಬಂದಿದ್ದ ಮಾತು ದೊಡ್ಡಲಕ್ಷ್ಮಮ್ಮನ ಜಗಲಿ ಕಂಡದ್ದೇ ಹಿಂದೆ ಸರಿಯಿತು. ಡಾಕ್ಟರ್ ಪ್ರತಿಮಾ ಅವರ ನರ್ಸಮ್ಮ ನಾಲ್ಕು ದಿನದ ಹಿಂದೆಯೇ ಆಯಮ್ಮನ ಮಗನ ಮೊಬೈಲಿಗೆ ಫೋನು ಮಾಡಿ ಸುದ್ದಿ ಹೇಳಿಬಿಟ್ಟಿದ್ದಳು. ಅವನು ಬರುವ ಮೊದಲೇ ಆ ಮನೆಗೆ ಸಕ್ಕರೆ ಬಂದು ನೆಲೆಸಿತ್ತು. ನಲವತ್ತೈದು ವರ್ಷ ಸೂರ್ಯನಿಗಿಂತ ಮುಂಚೆ ಎದ್ದು ಕೊಟ್ಟಿಗೆ ಬಾಚಿದ ದೊಡ್ಡಲಕ್ಷ್ಮಮ್ಮ, ಹಾಸಿದ ಕಂಬಳಿಯ ಮೇಲೆ ಗೋಡೆಗೊರಗಿ, ಕಾಲು ನೀಡಿ ಕೂತಿದ್ದಳು. ಸೊಸೆ ಶ್ವೇತ ಸಗಣಿಯ ಕೈ ತೊಳೆದು ಬಂದು ಅತ್ತೆಗೆ ಸಪ್ಪೆ ಕಾಫಿ ತಂದಿಟ್ಟಳು. ಗಂಡ ಅಂಕಯ್ಯ, ಹೆಂಡತಿಯನ್ನು ಹೆಸರು ಹಿಡಿದು ಕರೆದವನೇ ಅಲ್ಲ, ಮಾಗಡಿ ಸಂತೆಯಿಂದ ಒಂದು ಚೀಲ ಹಾಗಲಕಾಯಿ ಹೊತ್ತು ತಂದು ಜಗಲಿಯ ಮೂಲೆಯಲ್ಲಿ ಸುರಿದಿದ್ದ. ಎದುರಿಗೆ, ತಗ್ಗಿನ ಜಾಗದಲ್ಲಿ, ಅಂಕಯ್ಯನ ಅಕ್ಕ ಬೋರಮ್ಮ ಮುಖ ಬಿಗಿದುಕೊಂಡು ಕೂತಿದ್ದಳು. ಐದು ವರ್ಷದಿಂದ ಆ ಬೀದಿಯಲ್ಲಿ ಕಾಯಿಲೆ ಎಂದರೆ ಬೋರಮ್ಮನ ಬೀಪಿಯೇ. ಮದುವೆ ಮುಂಜಿಯಲ್ಲಿ ಉಪ್ಪಿಲ್ಲದ ಸಾರು ಬೇರೆ ಮಾಡಿಸಿಕೊಂಡು ಊಟಕ್ಕೆ ಕೂರುವ ಗೌರವ ಅವಳೊಬ್ಬಳದೇ ಆಗಿತ್ತು. ಸಕ್ಕರೆಯ ಮುಂದೆ ಬೀಪಿ ಏನೂ ಅಲ್ಲವೆಂದು ಊರು ನಾಲ್ಕೇ ದಿನದಲ್ಲಿ ತೀರ್ಮಾನಿಸಿಬಿಟ್ಟಿತ್ತು.

ಕೂರು ಅಂದರು, ಕೂತ. ನೀರು ಕೊಟ್ಟರು, ಚೊಂಬು ಪೂರ್ತಿ ಕುಡಿದ, ಇನ್ನೊಂದು ಕೇಳಿದ. ದೊಡ್ಡಲಕ್ಷ್ಮಮ್ಮ ತನ್ನ ಕಾಯಿಲೆಯ ವಿವರ ಹೇಳತೊಡಗಿದಳು. ಸುದ್ದಿ ತಿಳಿದ ದಿನದಿಂದ ಕಾಲು ಜೋಮು ಹಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಮಣೆಯ ಮುಂದೆ ಕೂತು ಸೊಪ್ಪು ಹೆಚ್ಚಲು ಮನಸ್ಸೇ ಬರುವುದಿಲ್ಲ. ಆ ಮುಖದಲ್ಲಿ ಅಷ್ಟು ತೃಪ್ತಿಯಿತ್ತು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತದೆ ಎಂದು ಅನಂತರಾಜು ಲೆಕ್ಕ ಹಾಕಿದ. ಗುರುವಾರ ರಕ್ತ ನೋಡುತ್ತಾರೆ, ಏನೂ ಇಲ್ಲ ಅನ್ನುತ್ತಾರೆ, ಲ್ಯಾಬಿನವರ ತಪ್ಪು ಅನ್ನುತ್ತಾರೆ, ಅವನ ಕೆಲಸ ಉಳಿಯುತ್ತದೆ. ಆ ಮೂರು ಗುರುತುಗಳು ಯಾರ ಹೆಸರಿಗೂ ಸೇರದೆ ಕಡತದೊಳಗೆ ಹೋಗಿ ಮಲಗುತ್ತವೆ. ಅವನೂ ಬೇರೆ ಕೋಣೆಗೆ ಹೋಗಿ ಕೂರಬಹುದು. ಆಗ ಅಂಕಯ್ಯ, ತಲೆ ತಗ್ಗಿಸಿಕೊಂಡು, ಯಾರಿಗೂ ಕೇಳಿಸದ ಹಾಗೆ ಅವನನ್ನು ಕೇಳಿದ. “ಸಾ, ಇವ್ಳ ಕಾಲ್ ತಗೀತಾರಾ?” ಹಾಗಲಕಾಯಿಯ ರಾಶಿಯನ್ನೇ ನೋಡುತ್ತಿದ್ದ ಮುದುಕನ ಕಣ್ಣು ತುಂಬಿತ್ತು.

ಅನಂತರಾಜುವಿಗೆ ತಡೆಯಲಾಗಲಿಲ್ಲ. “ಅವ್ವಾ, ಅದು ನಿಮ್ದಲ್ಲ. ಕ್ಯಾನ್ ದಾರೀಲಿ ಚೆಲ್ತು. ನಾನೇ ತುಂಬ್ಸ್ದೆ” ಅಂದ.

ಜಗಲಿಯಲ್ಲಿದ್ದವರು ಒಬ್ಬರ ಬದಲು ಒಬ್ಬರು ಸಾಲ ತೀರಿಸುವುದನ್ನು ಕಂಡಿದ್ದರು, ಹರಕೆ ಒಪ್ಪಿಸುವುದನ್ನು ಕಂಡಿದ್ದರು, ಇದನ್ನು ಕಂಡಿರಲಿಲ್ಲ. ಅವನು ಹಂಪ್ಸಿನ ಕತೆ, ಷೂವಿನ ಕತೆ, ಹೊಂಗೆಮರದ ಕತೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅವರು ಬೈಯುತ್ತಾರೆಂದು ಕಾದ, ಬೈದರೆ ಹಗುರಾಗುತ್ತಿತ್ತು. ಬೋರಮ್ಮನ ಬಿಗಿದ ಮುಖ ಮೊದಲ ಸಲ ಸಡಿಲವಾಯಿತು. ಶ್ವೇತ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು, ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ದೊಡ್ಡಲಕ್ಷ್ಮಮ್ಮ ಮಾತ್ರ ಸಪ್ಪೆ ಕಾಫಿಯ ಲೋಟವನ್ನು ಕೆಳಗಿಟ್ಟು, ಏನೋ ಬೇರೆಯದೇ ಯೋಚನೆಯಲ್ಲಿ, ನೀಡಿದ ಕಾಲನ್ನು ಮೆಲ್ಲಗೆ ಮಡಚಿಕೊಂಡಳು.

“ನೀ ತುಂಬ್ಸೋಕ್ ಮದ್ಲೇ ಅದು ನಂದೊಬ್ಬಳ್ದೇ ಅಲ್ಲ ಕಣಪ್ಪ” ಅಂದಳು.

ಮನೆಗೆ ಬಂದ ಪಾತ್ರೆಯನ್ನು ಖಾಲಿ ವಾಪಸ್ಸು ಕಳಿಸುವುದು ಆ ಊರಿನಲ್ಲಿಲ್ಲ. ಪಕ್ಕದ ಮನೆಯವರು ಬಸ್ಸಾರು ಕೊಟ್ಟ ಬೋಸಿ ತೊಳೆದು ಕೊಡುವಾಗ ಅದರಲ್ಲಿ ಒಂದು ಹಿಡಿ ಅವರೆಕಾಳಾದರೂ ಹಾಕಿರಬೇಕು, ಏನೂ ಇಲ್ಲದಿದ್ದರೆ ಎರಡು ಹಸಿಮೆಣಸಿನಕಾಯಿ. ಅರ್ಧ ಪಾತ್ರೆ ಕೊಡುವುದೂ ಮನೆತನಕ್ಕೆ ಕಡಿಮೆಯೇ. ಸರ್ಕಾರದಂಥವರು ಮನೆ ಬಾಗಿಲಿಗೆ ಬಂದು ಅಷ್ಟು ದೊಡ್ಡ ಕ್ಯಾನು ಕೊಟ್ಟು, ನೂರು ಸಲ ಕೈಮುಗಿದು ಕೇಳಿ ಹೋಗಿದ್ದಾರೆ. ಒಬ್ಬ ಮುದುಕಿಯಿಂದ ಎಷ್ಟಾಗುತ್ತದೆ? ಬೆಳಿಗ್ಗೆ ನೋಡಿದರೆ ಕ್ಯಾನು ಅರ್ಧವೂ ಆಗಿರಲಿಲ್ಲ. ನಾಚಿಕೆಯಾಯಿತು. ಅಂಕಯ್ಯನನ್ನು ಎಬ್ಬಿಸಿದಳು. ಅವನು ತನ್ನ ಕೈಲಾದದ್ದನ್ನು ಮಾಡಿದ. ಮಿಕ್ಕದ್ದನ್ನು ಬಸ್ಸಿಗೆ ಹೊರಡುವ ಮುಂಚೆ ಮಗ ನೋಡಿಕೊಂಡ. ಇವರ ಮನೆ ಒಂದೇ ಅಲ್ಲ, ಇಡೀ ಬೀದಿಯಲ್ಲಿ ಹಾಗೇ ಆದದ್ದು. ಬೋರಮ್ಮನ ಮನೆಯಲ್ಲಂತೂ ನಂಟರು ಬಂದಿದ್ದರು, ಸಲೀಸಾಯಿತು. ಕೇಳುತ್ತ ಕೇಳುತ್ತ ಅನಂತರಾಜುವಿನ ಕಣ್ಣ ಮುಂದೆ ಡಾಕ್ಟರ್ ಪ್ರತಿಮಾ ಅವರ ಅಳತೆಯ ಪಟ್ಟಿ, ನೀರು ಕುಡಿಯುವ ಊರಿನ ಪ್ರಬಂಧ, ಮೀಟಿಂಗಿನ ಚಪ್ಪಾಳೆ ಒಂದಾದ ಮೇಲೊಂದು ನೆಲಕಚ್ಚಿದವು. ಅದರ ನಡುವೆಯೇ ಅವನ ಎದೆಯಲ್ಲಿ ಸಣ್ಣದೊಂದು ಖುಷಿ ತಲೆಯೆತ್ತಿತು. ಹಾಗಾದರೆ ಆ ಸಕ್ಕರೆ ತನ್ನದೇ ಆಗಬೇಕೆಂದಿಲ್ಲ. ಅಂಕಯ್ಯನದಿರಬಹುದು. ಮುದುಕನಿಗೆ ಎಪ್ಪತ್ತರ ಹತ್ತಿರ, ಬಂದರೆ ತಪ್ಪೇನಿಲ್ಲ. ಹಾಗೆ ಅಂದುಕೊಂಡವನು ಅಂಕಯ್ಯನ ತುಂಬಿದ ಕಣ್ಣು ನೋಡಿ, ತನ್ನಂಥ ನೀಚ ಈ ಮಾಗಡಿ ಸೀಮೆಯಲ್ಲೇ ಇರಲಾರ ಎಂದು ಅಲ್ಲೇ ತನ್ನನ್ನು ಬೈದುಕೊಂಡ. ಖುಷಿ ಮಾತ್ರ ಹೋಗಲಿಲ್ಲ.

ಗುರುವಾರ ಎಲ್ಲರ ರಕ್ತವನ್ನೂ ನೋಡಿಸೋಣ ಅಂದ. ಗುರುವಾರದವರೆಗೆ ಕಾಯುವ ತಾಳ್ಮೆ ಬೋರಮ್ಮನಿಗೆ ಇರಲಿಲ್ಲ. ತಮ್ಮನ ಹೆಂಡತಿಗೆ ಸಿಕ್ಕಿದ್ದ ಸಕ್ಕರೆಯ ಗೌರವವನ್ನು ಇವತ್ತೇ ಇಳಿಸದೆ ಅವಳು ಎದ್ದು ಹೋಗುವವಳಲ್ಲ. ಸಕ್ಕರೆ ಯಾರದೆಂದು ತಿಳಿಯಲು ರಕ್ತವೇ ಬೇಕಿಲ್ಲ, ಇರುವೆ ಸಾಕು ಅಂದಳು. ಅವಳ ಮಾವನಿಗೆ ಸಕ್ಕರೆಯಿದ್ದಾಗ ಬಚ್ಚಲಿನ ಮೋರಿಗೆ ಇರುವೆ ಮುತ್ತುತ್ತಿದ್ದವಂತೆ. ಇರುವೆ ಎಂದದ್ದೇ ಅನಂತರಾಜು ಎದ್ದು ನಿಂತ, ಕೆಲಸವಿದೆ ಅಂದ, ಮೊಪೆಡ್ಡಿನ ಕಡೆ ಎರಡು ಹೆಜ್ಜೆ ಹಾಕಿದ. ಅಷ್ಟರಲ್ಲಿ ಬೋರಮ್ಮ, ಕೆಲಸಕ್ಕೆ ಹೋಗಿದ್ದ ಮಗನದನ್ನು ಆಮೇಲೆ ನೋಡೋಣ ಎಂದು, ಮೂರು ತೆಂಗಿನ ಕರಟ ತಂದಿದ್ದಳು. ಒಂದರ ತಳಕ್ಕೆ ಅರಿಶಿನ ಬಳಿದು ದೊಡ್ಡಲಕ್ಷ್ಮಮ್ಮನಿಗೆ ಕೊಟ್ಟಳು, ಒಂದಕ್ಕೆ ಸುಣ್ಣ ಬಳಿದು ತಮ್ಮನಿಗೆ, ಒಂದಕ್ಕೆ ಇದ್ದಿಲು ಗೀಚಿ ಅನಂತರಾಜುವಿಗೆ. ಅರವತ್ತು ಪ್ರಶ್ನೆ ಹಿಡಿದು ಊರೂರು ತಿರುಗಿದವನಿಗೆ ಯಾರೂ ಇಲ್ಲ ಅಂದಿರಲಿಲ್ಲ, ಈಗ ಅವನು ಇಲ್ಲ ಅನ್ನುವುದು ಹೇಗೆ? ತಿಪ್ಪೆಯ ಹಿಂದೆ, ಕರಟ ಹಿಡಿದು, ಅಂಕಯ್ಯನೂ ಅವನೂ ಪಕ್ಕ ಪಕ್ಕ ನಿಂತರು. ಅಂಕಯ್ಯನಿಗೆ ಹೊತ್ತು ಹಿಡಿಯಿತು. ಅನಂತರಾಜುವಿನ ಕರಟ ತುಂಬಿ ಹರಿಯಿತು.

ವಾಪಸ್ಸು ಬಂದಾಗ ಬೋರಮ್ಮ ನಾಲ್ಕನೇ ಕರಟವೊಂದನ್ನು ಹಿಡಿದು ನಿಂತಿದ್ದಳು, ಅದರಲ್ಲಿ ತೊಟ್ಟಿಯ ನೀರಿತ್ತು. “ಬರೀ ನೀರ್ಗೂ ಬತ್ತಾವೇನೋ, ನೋಡ್ಬ್ಯಾಡ್ವಾ?” ಅಂದಳು. ಓದು ಬರಹ ಬಾರದ ಈ ಹೆಂಗಸಿನ ತಲೆ ಡಾಕ್ಟರ್ ಪ್ರತಿಮಾ ಅವರ ತಲೆಯ ಹಾಗೇ ಓಡುತ್ತದೆಂದು ಅನಂತರಾಜುವಿಗೆ ಅನಿಸಿತು. ಎಲ್ಲರಿಗೂ ಬೆನ್ನು ತಿರುಗಿಸಿ ನಿಲ್ಲಲು ಹೇಳಿ, ಕರಟಗಳ ಜಾಗ ಅದಲು ಬದಲು ಮಾಡಿ, ಸೀಬೆಮರದ ಕೆಳಗೆ ಇರುವೆಯ ಗೂಡಿಗೆ ಒಂದೇ ದೂರದಲ್ಲಿ ಅವಳು ನಾಲ್ಕನ್ನೂ ಇಟ್ಟಳು. ಇನ್ನು ಯಾರದು ಯಾವುದೆಂದು ತಳ ನೋಡಿದರೆ ಮಾತ್ರ ಗೊತ್ತು. ಆಮೇಲೆ ಎಲ್ಲರೂ ಊಟಕ್ಕೆ ಕೂತರು. ಮುದ್ದೆಯನ್ನು ಅವನು ತಟ್ಟೆಯಲ್ಲೇ ಅತ್ತಿತ್ತ ಉರುಳಿಸಿದ. ಕುಡಿದ ನೀರು ಮಾತ್ರ ಇಳಿಯಿತು, ಎಷ್ಟು ಕುಡಿದನೆಂದು ಲೆಕ್ಕವಿಡುವ ಹಾಗೆ ದೊಡ್ಡಲಕ್ಷ್ಮಮ್ಮ ಅವನನ್ನೇ ನೋಡುತ್ತಿದ್ದಳು.

ಮೊದಲು ಒಂದು ಇರುವೆ ಎಡಗಡೆಯ ಕರಟದ ಅಂಚು ಹತ್ತಿತು. ಅಂಚಿನ ಮೇಲೆ ನಿಂತು ಮೀಸೆಯಾಡಿಸಿತು. ಅನಂತರಾಜು, ಅದು ಅಂಕಯ್ಯನದಾಗಲಿ, ದೇವರೇ, ಮುದುಕನದಾಗಲಿ, ಅವನಿಗೆ ಹಾಗಲಕಾಯಿ ತಂದುಕೊಡಲು ಹೆಂಡತಿಯಿದ್ದಾಳೆ, ಹೊಲವಿದೆ, ಮಗನಿದ್ದಾನೆ ಎಂದು ಬೇಡಿಕೊಂಡ. ಬೇಡಿಕೊಳ್ಳುತ್ತಿದ್ದಾನೆಂದು ಗೊತ್ತಾಗಿ ಮೈ ಬೆವರಿತು. ಇರುವೆ ಸುತ್ತು ಹಾಕಿ, ಏನೂ ಸೇರದೆ, ಇಳಿದು ಹೋಯಿತು. ಎರಡನೆಯದು ಬಂತು, ಮೂರನೆಯದು ಬಂತು. ಕೊಂಚ ಹೊತ್ತಿಗೆ ಗೂಡಿನಿಂದ ಕಪ್ಪು ದಾರದಂತೆ ಒಂದು ಸಾಲು ಹೊರಟಿತು. ಅವಸರವಿಲ್ಲದೆ, ದಾರಿ ಕೇಳದೆ, ನೇರವಾಗಿ, ಬಲಗಡೆಯಿಂದ ಎರಡನೇ ಕರಟದ ಕಡೆ. ಆ ನಡಿಗೆಯನ್ನು ಅವನು ಮೊದಲೇ ಕಂಡಿದ್ದ. ಗೋಡೆಯೊಂದಿಲ್ಲ, ಮೊಳೆಯೊಂದಿಲ್ಲ, ಅಷ್ಟೇ.

“ಬಂದ್ವು ಕಣ್ಲಾ” ಅಂದ ಅಂಕಯ್ಯ. ಬೆಳಗಿನಿಂದ ಸಾ ಅನ್ನುತ್ತಿದ್ದವನು.

ಬೋರಮ್ಮ ಕರಟವನ್ನು ಬಗ್ಗಿಸಿ ಖಾಲಿ ಮಾಡಿ ತಳ ತಿರುಗಿಸಿದಳು. ಇದ್ದಿಲು. ತಿರುಗಿಸುವ ಮುಂಚೆಯೇ ಅವನು ನೆಲದ ಮೇಲೆ ಕೂತುಬಿಟ್ಟಿದ್ದ. ಅವನಿಗೆ ಅಳು ಬಂತು. ಅಳುವಾಗ ಹೊಟ್ಟೆಯ ಒಳಗಿನಿಂದ ನಗುವೂ ಬಂತು, ಎರಡೂ ಸೇರಿ ಬಿಕ್ಕಳಿಕೆಯಾಗಿ, ಬಿಕ್ಕಳಿಕೆಗೆ ನೀರು ಬೇಕಾಗಿ, ಮತ್ತೆ ಒಂದು ಚೊಂಬು ನೀರು ಕುಡಿಯಬೇಕಾಯಿತು. ಗೆದ್ದ ಬೋರಮ್ಮನಿಗೂ ಗೆದ್ದ ಹಾಗೆ ಕಾಣಲಿಲ್ಲ. ಅವಳು ಕರಟವನ್ನು ಮಣ್ಣಿನಲ್ಲಿ ಉಜ್ಜುತ್ತ ನಿಂತಳು. ದೊಡ್ಡಲಕ್ಷ್ಮಮ್ಮ ಎದ್ದು ಬಂದು ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ನಾಲ್ಕು ದಿನದ ಜೋಮು ಆ ಕಾಲುಗಳಲ್ಲಿ ಇರಲಿಲ್ಲ. ಸೊಸೆಯ ಕೈಯಲ್ಲಿ ನಾಲ್ಕು ದಿನ ಕಾಫಿ ಕುಡಿದದ್ದಾಯಿತು, ಅಷ್ಟೇ ಬರೆದದ್ದು ಅಂದಳು. ಅದರಲ್ಲಿ ಸ್ವಲ್ಪ ಬೇಜಾರಿತ್ತು. ಆಮೇಲೆ, ತಿಂಗಳ ಹಿಂದೆ ಅವನು ತನ್ನನ್ನು ಕೇಳಿದ್ದ ಪ್ರಶ್ನೆಗಳನ್ನು ಅದೇ ಸಾಲಿನಲ್ಲಿ, ಅವನದೇ ರಾಗದಲ್ಲಿ ಅವನಿಗೆ ಕೇಳತೊಡಗಿದಳು. ಪದೇ ಪದೇ ಬಾಯಾರಿಕೆ ಆಗುತ್ತದಾ? ದಿನಕ್ಕೆ ಎಷ್ಟು ಸಲ ಹೋಗುತ್ತೀರಿ? ಕಾರಣವಿಲ್ಲದೆ ಇಳಿದುಹೋಗಿದ್ದೀರಾ? ಮನೆಯಲ್ಲಿ ಯಾರಿಗಾದರೂ ಇತ್ತಾ? ಇನ್ನೂರ ಹನ್ನೆರಡು ಜನರಿಗೆ ಅವನು ಕೇಳಿದ್ದ, ತನ್ನನ್ನು ಯಾರೂ ಕೇಳಿರಲಿಲ್ಲ. ಕೊನೆಯದಕ್ಕೆ ಅವನು ಕೊಡೆಯ ಕತೆಯನ್ನು ಹೇಳಿದ. ಸುಮನಾಗೂ ಹೇಳಿರದ ಕತೆ. ಅಪ್ಪ ಒಬ್ಬರೇ ಬಸ್ಸು ಹತ್ತಿದ್ದನ್ನೂ ಹೇಳಿದ.

ದೊಡ್ಡಲಕ್ಷ್ಮಮ್ಮ ಎದ್ದು ಹೋಗಿ ಮೊಪೆಡ್ಡಿನಿಂದ ಹೊಸ ಕ್ಯಾನು ಬಿಚ್ಚಿಕೊಂಡು ಬಂದಳು. ಅದನ್ನು ಸೆರಗಿನಿಂದ ಒರೆಸಿದಳು. ಅಂಕಯ್ಯ ತಂದು ಸುರಿದಿದ್ದ ಹಾಗಲಕಾಯಿಗಳನ್ನು ಒಂದೊಂದಾಗಿ ಅದರ ಬಾಯಿಯಿಂದ ಒಳಗೆ ತುರುಕಿ, ಕುತ್ತಿಗೆಯವರೆಗೆ ತುಂಬಿಸಿ, ಮುಚ್ಚಳ ಬಿಗಿದು ಅವನ ಕೈಗೆ ಕೊಟ್ಟಳು.

“ಖಾಲಿ ಕಳ್ಸಕ್ಕಾಯ್ತದಾ? ಇದ್ನ ಎಂಡ್ರು ಕೈಗೆ ಕೊಡು. ಕ್ಯಾನ್ ತೊಳ್ಕಂಡು, ನಿಂದ್ ಮಾತ್ರ ತುಂಬ್ಸಿ, ನಿನ್ ಡಾಕುಟ್ರಿಗೆ ಕೊಡು. ಬ್ಯಾರೇರ್ದು ಬೆರೆಸ್ಬ್ಯಾಡ. ಗುರ್ವಾರ ನಾನೂ ಬತ್ತೀನಿ ಮಗ, ಒಬ್ನೇ ಓಗ್ಬ್ಯಾಡ.”

ವಾಪಸ್ಸು ಬರುವಾಗ ಕ್ಯಾನು ಡಬಡಬ ಅನ್ನಲಿಲ್ಲ. ಹಂಪ್ಸುಗಳನ್ನೆಲ್ಲ ಅವನು ಕಾಲೂರಿ ಇಳಿಸಿ ದಾಟಿಸಿದ, ಹಿಂದೆ ಬಂದ ಬಸ್ಸಿಗೆ ದಾರಿ ಬಿಟ್ಟು ನಿಂತ. ಹೊಂಗೆಮರದ ಹತ್ತಿರ ನಿಲ್ಲಿಸಲೇಬೇಕಾಯಿತು. ಈ ಸಲ ಸಾವನದುರ್ಗವನ್ನು ನೋಡದೆ ನೆಲವನ್ನೇ ನೋಡಿದ. ಬೆಳಿಗ್ಗೆ ನಿಂತಿದ್ದ ಜಾಗದಲ್ಲಿ ಇರುವೆಗಳು ತಮ್ಮ ಪಾಡಿಗೆ ತಾವು ಓಡಾಡುತ್ತಿದ್ದವು. ಅವನ್ನು ತುಳಿಯದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ನಿಂತು ಬಂದು, ಮರದ ಬುಡದಲ್ಲಿ ಕೂತು, ಬಹುಮಾನದ ಪೆನ್ನು ತೆಗೆದ. ಲಕೋಟೆಯ ಬೆನ್ನ ಮೇಲೆ, ಮೇಡಂ, ನಲವತ್ತೇಳನೇ ಕ್ಯಾನು ದೊಡ್ಡಲಕ್ಷ್ಮಮ್ಮನವರದಲ್ಲ, ಗುಡೇಮಾರನಹಳ್ಳಿಯ ಉಳಿದ ಕ್ಯಾನುಗಳೂ ಒಬ್ಬೊಬ್ಬರವಲ್ಲ, ಎದುರಿಗೆ ಬಂದು ಹೇಳುತ್ತೇನೆ ಎಂದು ಬರೆದ. ಬರೆದ ಮೇಲೆ ಚಹಾದ ಲೋಟಗಳು ನೆನಪಾದವು, ನೋಡಿಕೊಳ್ಳಲಿ ಅಂದುಕೊಂಡ. ಚೀಲದಿಂದ ಹೊಸ ಫಾರಮ್ಮೊಂದನ್ನು ತೆಗೆದು ತೊಡೆಯ ಮೇಲಿಟ್ಟು, ಕ್ರಮಸಂಖ್ಯೆ ಇನ್ನೂರ ಹದಿಮೂರು, ಹೆಸರು ಅನಂತರಾಜು, ವಯಸ್ಸು ಮೂವತ್ತಾರು ಎಂದು ತುಂಬಿದ. ಮೂವತ್ತೊಂದನೇ ಪ್ರಶ್ನೆ, ಪದೇ ಪದೇ ಬಾಯಾರಿಕೆ ಆಗುತ್ತದೆಯೇ? ಹೌದು ಎಂದು ಬರೆದ. ಮೂವತ್ತೆರಡು, ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ? ಬೆಳಗಿನಿಂದ ಆದದ್ದನ್ನು ಬೆರಳು ಮಡಿಸಿ ಎಣಿಸಿ ಎಂಟು ಎಂದು ಬರೆದ. ಬರೆದವನು ಎದ್ದು, ಮರದ ಹಿಂದೆ ಹೋಗಿ ಬಂದು, ಎಂಟನ್ನು ಹೊಡೆದುಹಾಕಿ ಒಂಬತ್ತು ಮಾಡಿದ.